ಈ ನದಿ ಯಾವುದು, ಈ ಊರು ಯಾವುದು? ಹೆಸರಿಲ್ಲದ ಕ್ರೂಸ್ ಫೋಟೋಗಳು

ಹೊಳೆದಂಡೆ:
ನಮ್ಮ ಅತ್ತೆ ಮಾವ ಆಮ್‌ಸ್ಟರ್‌ಡ್ಯಾಮ್‌ನಿಂದ ಬುಡಾಪೆಸ್ಟ್‌ವರೆಗೆ ರಿವರ್ ಕ್ರೂಸ್ ಮುಗಿಸಿಕೊಂಡು ಬಂದಿದ್ದಾರೆ. ಮನೆಯ ವಾಟ್ಸಾಪ್ ಗುಂಪಿನ ತುಂಬಾ ಫೋಟೋ, ಒಂದಕ್ಕೂ ಊರಿನ ಹೆಸರಿಲ್ಲ. ಕೇಳಿದರೆ ಅತ್ತೆ "ಯಾವುದೋ ಕೋಟೆ ಕಣೇ, ತುಂಬಾ ಚೆನ್ನಾಗಿತ್ತು" ಅನ್ನುತ್ತಾರೆ. ಮಾವ "ಎಲ್ಲಾ ಒಂದೇ ಥರ ಇತ್ತಮ್ಮ" ಅನ್ನುತ್ತಾರೆ. ಆಲ್ಬಮ್ ಮಾಡಿಸಬೇಕು, ಸ್ವಲ್ಪ ಸಹಾಯ ಮಾಡಿ.

ಎರಡೇ ನಿಯಮ. ಫೋಟೋವನ್ನು ಗೂಗಲ್‌ಗೆ ಹಾಕಿ ಹುಡುಕಬಾರದು. ಊರು ಹೇಳಿದರೆ ಕಾರಣವನ್ನೂ ಹೇಳಬೇಕು.

ಫೋಟೋ 1: ನದಿಯ ನಡುವೆ ಪುಟ್ಟ ಬಿಳಿ ಕೋಟೆ, ಕಪ್ಪು ಮಾಡು. ಹಿಂದೆ ಗುಡ್ಡದ ಮೇಲೆ ಇನ್ನೊಂದು ಕೋಟೆ. ಮುಂದೆ ನಮ್ಮ ಹಡಗಿನ ಬಾವುಟ, ಕೆಂಪು ಬಟ್ಟೆಯಲ್ಲಿ ಬಿಳಿ ಶಿಲುಬೆ.
ಫೋಟೋ 2: ದಡದಲ್ಲೇ ಚರ್ಚ್, ಗೋಪುರಕ್ಕೆ ತಿಳಿನೀಲಿ ಬಿಳಿ ಬಣ್ಣ. ಮೇಲೆ ಹಾಳು ಕೋಟೆ.
ಫೋಟೋ 3: ಎತ್ತರದಿಂದ ತೆಗೆದದ್ದು. ನೀರು ಬೇರೆ ಬೇರೆ ಬಣ್ಣದಲ್ಲಿ ಬಂದು ಸೇರುತ್ತದೆ.
ಫೋಟೋ 4: ಹಡಗಿನ ಮೇಲಿನ ಡೆಕ್. ಕಂಬಿಗಳನ್ನೆಲ್ಲ ಮಡಚಿದ್ದಾರೆ, ಎಲ್ಲರೂ ಕೂತಿದ್ದಾರೆ, ಸೇತುವೆ ತಲೆ ಮೇಲೇ ಬರುತ್ತಿದೆ.
ಫೋಟೋ 5: ಬಂಡೆಯ ಮೇಲೆ ದೊಡ್ಡ ಹಳದಿ ಅರಮನೆ.
ಫೋಟೋ 6: ಗುಡ್ಡದ ಮೇಲೆ ಕಂಬಗಳ ಗ್ರೀಕ್ ದೇವಸ್ಥಾನ. ಕೆಳಗೆ ನದಿ.

ಬಂದರು ಹುಡುಗ:
1 ಸ್ವಿಟ್ಜರ್ಲೆಂಡ್. ನೀರಲ್ಲಿ ಕೋಟೆ, ಮೇಲಿಂದ ಸ್ವಿಸ್ ಬಾವುಟ. ಇನ್ನೇನು ಬೇಕು ಮಾರಾಯ್ರೆ? 6 ಅಥೆನ್ಸ್.

ನಿಧಾನಗತಿ:
ಅಥೆನ್ಸ್‌ನಲ್ಲಿ ರಿವರ್ ಕ್ರೂಸಾ? ಬೇಸಿಗೆಯಲ್ಲಿ ಅಲ್ಲಿನ ನದಿಯಲ್ಲಿ ಬಕೆಟ್ ಮುಳುಗಿದರೆ ಹೆಚ್ಚು.

ಕೊಲೋನ್ ಕನ್ನಡಿಗ:
ಬಾವುಟ ನಂಬಬೇಡಿ. ಯುರೋಪಿನ ಎಷ್ಟೋ ಕ್ರೂಸ್ ಹಡಗುಗಳು ಬಾಸೆಲ್‌ನಲ್ಲಿ ನೋಂದಣಿ ಆಗಿವೆ. ಹಡಗು ಹಂಗೇರಿಯಲ್ಲಿ ನಿಂತಿದ್ದರೂ ಹಿಂಭಾಗದಲ್ಲಿ ಸ್ವಿಸ್ ಬಾವುಟವೇ ಹಾರುತ್ತಿರುತ್ತದೆ.

ಫೋಟೋ 1 ಜರ್ಮನಿಯ ಕೌಬ್ ಊರಿನ ಎದುರಿನ ಪ್ಫಾಲ್ಸ್‌ಗ್ರಾಫೆನ್‌ಸ್ಟೈನ್. ರೈನ್ ನದಿಯ ನಡುವಿನ ಬಂಡೆಯ ಮೇಲಿದೆ. ಬವೇರಿಯಾ ಮನೆತನದ ಜರ್ಮನ್ ರಾಜ ಲುಡ್ವಿಗ್ 14ನೇ ಶತಮಾನದಲ್ಲಿ ಕಟ್ಟಿಸಿದ ಸುಂಕದ ಕಟ್ಟೆ ಇದು. ಹಾದುಹೋಗುವ ದೋಣಿ ದುಡ್ಡು ಕಟ್ಟದೆ ಮುಂದೆ ಹೋಗುವಂತಿಲ್ಲ. ಹಿಂದೆ ಗುಡ್ಡದ ಮೇಲಿರುವುದು ಗುಟೆನ್‌ಫೆಲ್ಸ್.

ಆದರೆ ಕೋಟೆ ನೋಡಿ ಊರು ಹೇಳುವುದು ಕಷ್ಟದ ದಾರಿ. ಬಿಂಗೆನ್‌ನಿಂದ ಕೋಬ್ಲೆನ್ಸ್‌ವರೆಗಿನ ಸುಮಾರು 65 ಕಿಲೋಮೀಟರ್‌ನಲ್ಲಿ ಎಲ್ಲಿ ನೋಡಿದರೂ ಕೋಟೆ, ಎಲ್ಲವೂ ಫೋಟೋದಲ್ಲಿ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ದಡ ನೋಡಿ. ನಿಮ್ಮ ಫೋಟೋದ ಬಲಮೂಲೆಯಲ್ಲಿ, ಪೊದೆಯ ಪಕ್ಕ ಒಂದು ಬಿಳಿ ಬೋರ್ಡ್ ಇದೆ. ಅದರಲ್ಲಿ 546 ಅಂತ ಬರೆದಿದೆಯಾ?

ಹೊಳೆದಂಡೆ:
ಅಯ್ಯೋ ಹೌದು! ಝೂಮ್ ಮಾಡಿದೆ, 546. ನಾನು ರಸ್ತೆ ಬೋರ್ಡ್ ಅಂದುಕೊಂಡಿದ್ದೆ.

ಕೊಲೋನ್ ಕನ್ನಡಿಗ:
ಅದು ನದಿಯ ಕಿಲೋಮೀಟರ್ ಬೋರ್ಡ್. ಈ ಆಟದಲ್ಲಿ ಇದಕ್ಕಿಂತ ದೊಡ್ಡ ಸುಳಿವಿಲ್ಲ. ಹಡಗಿನವರು ರೇಡಿಯೋದಲ್ಲಿ ಊರಿನ ಹೆಸರಿಗಿಂತ ಈ ಸಂಖ್ಯೆಯನ್ನೇ ಹೆಚ್ಚು ಹೇಳುತ್ತಾರೆ.

ರೈನ್ ನದಿಯ ಸೊನ್ನೆ ಇರುವುದು ಕೊನ್‌ಸ್ಟಾನ್ಸ್ ಊರಿನ ಸೇತುವೆಯಲ್ಲಿ. ಅಲ್ಲಿಂದ ನೀರು ಹರಿಯುವ ದಿಕ್ಕಿಗೆ ಎಣಿಸುತ್ತಾ ಹೋಗುತ್ತಾರೆ. ಕೌಬ್ 546, ಲೊರೆಲೈ ಬಂಡೆ 554ರ ಹತ್ತಿರ, ನಮ್ಮ ಕೊಲೋನ್ 688. ಡ್ಯಾನ್ಯೂಬ್ ಲೆಕ್ಕ ಇದಕ್ಕೆ ಉಲ್ಟಾ. ಸೊನ್ನೆ ಇರುವುದು ಕಪ್ಪು ಸಮುದ್ರದ ದಡದ ಸುಲಿನಾದಲ್ಲಿ. ಅಲ್ಲಿಂದ ಮೇಲಕ್ಕೆ ಎಣಿಸುತ್ತಾರೆ. ಬುಡಾಪೆಸ್ಟ್ 1647ರ ಆಸುಪಾಸು, ವಿಯೆನ್ನಾ 1929, ಪಾಸೌ 2226. ಅಂದರೆ ಬುಡಾಪೆಸ್ಟ್‌ಗೆ ಹೋಗುವ ಪ್ರವಾಸದಲ್ಲಿ ನಾಲ್ಕು ಅಂಕೆ ಕಂಡರೆ ಕಣ್ಣುಮುಚ್ಚಿ ಡ್ಯಾನ್ಯೂಬ್ ಅನ್ನಿ. ಮೈನ್ ನದಿಯೂ ರೈನ್ ಸೇರುವ ಜಾಗದಿಂದ ಮೇಲಕ್ಕೆ ಎಣಿಸುವಂಥದ್ದು, ಆದರೆ 400 ಕೂಡ ದಾಟುವುದಿಲ್ಲ.

ಗೂಡಂಗಡಿ:
ಇಷ್ಟು ಗೊತ್ತಿದ್ದರೆ ಆಟ ಆಡುವುದರಲ್ಲಿ ಏನು ಮಜಾ? ಬೋರ್ಡ್ ಇರುವ ಫೋಟೋ ಹಾಕಬಾರದು ಅಂತ ಮೂರನೇ ನಿಯಮ ಸೇರಿಸಿ.

ಪಶ್ಚಿಮವಾಹಿನಿ:
ಬೋರ್ಡ್ ಇಲ್ಲದೆ 2 ಹೇಳುತ್ತೇನೆ. ಆಸ್ಟ್ರಿಯಾದ ಡ್ಯುರ್ನ್‌ಸ್ಟೈನ್. ವಾಖೌ ಕಣಿವೆ. ಆ ನೀಲಿ ಗೋಪುರದ ಹಾಗೆ ಡ್ಯಾನ್ಯೂಬ್ ದಡದಲ್ಲಿ ಇನ್ನೊಂದಿಲ್ಲ. ಗುಡ್ಡದಲ್ಲಿ ಕಲ್ಲುಕಟ್ಟಿ ಮೆಟ್ಟಿಲು ಮಾಡಿದ ದ್ರಾಕ್ಷಿತೋಟ ಕಾಣುತ್ತದೆ ನೋಡಿ. ಅಂಗಡಿಯಲ್ಲಿ ತೆಗೆದ ಫೋಟೋ ಏನಾದರೂ ಇದ್ದರೆ ಅದರಲ್ಲಿ ಏಪ್ರಿಕಾಟ್ ಜಾಮ್, ಏಪ್ರಿಕಾಟ್ ಸೋಪು, ಏಪ್ರಿಕಾಟ್ ಮದ್ಯ ಕಾಣಬೇಕು. ಆ ಕಣಿವೆಯ ಹೆಸರುವಾಸಿ ಬೆಳೆ ಅದು.

ಮೇಲಿನ ಹಾಳು ಕೋಟೆಯಲ್ಲಿ ಇಂಗ್ಲೆಂಡ್ ರಾಜ ರಿಚರ್ಡ್ ಸೆರೆಯಲ್ಲಿದ್ದ. ಧರ್ಮಯುದ್ಧ ಮುಗಿಸಿ ವೇಷ ಮರೆಸಿಕೊಂಡು ವಾಪಸ್ ಹೋಗುತ್ತಿದ್ದವನನ್ನು 1192ರ ಡಿಸೆಂಬರ್‌ನಲ್ಲಿ ವಿಯೆನ್ನಾ ಹತ್ತಿರ ಆಸ್ಟ್ರಿಯಾದ ಡ್ಯೂಕ್ ಲಿಯೋಪೋಲ್ಡ್ ಹಿಡಿಸಿದ. ದೊಡ್ಡ ಮೊತ್ತ ಕೊಟ್ಟ ಮೇಲೆ 1194ರಲ್ಲಿ ಬಿಡುಗಡೆ.

ಹೊಳೆದಂಡೆ:
ಏಪ್ರಿಕಾಟ್ ಜಾಮ್ ನಮ್ಮ ಫ್ರಿಜ್‌ನಲ್ಲೇ ಇದೆ. 2 ಖಚಿತ.

ಚುಕ್ಕಿಚಂದ್ರ:
ರಿಚರ್ಡ್ ಹೆಸರು ಬಂದದ್ದಕ್ಕೆ ನನ್ನದೂ ಒಂದು ಫೋಟೋ. ಬೇರೆ ನದಿ, ಬೇರೆ ದೇಶ. ಸುಣ್ಣದ ಹಾಗೆ ಬೆಳ್ಳಗಿರುವ ಬಂಡೆಗಳು, ಮೇಲೆ ಮುರಿದ ಕೋಟೆ, ಕೆಳಗೆ ನದಿ ದೊಡ್ಡದಾಗಿ ತಿರುಗುತ್ತದೆ. ಸುಳಿವು: ಅದೇ ರಾಜ.

ಪಶ್ಚಿಮವಾಹಿನಿ:
ಹಾಗಾದರೆ ಸೇನ್ ನದಿ, ಫ್ರಾನ್ಸ್. ಲೆಜಾಂಡೆಲಿ ಊರಿನ ಶಾಟೊ ಗಾಯಾರ್. ಸೆರೆಯಿಂದ ಬಿಡಿಸಿಕೊಂಡು ಬಂದ ರಿಚರ್ಡ್ ನಾರ್ಮಂಡಿ ಕಾಯಲು 1196ರಿಂದ 1198ರೊಳಗೆ ಕಟ್ಟಿಸಿದ್ದು. ಅಷ್ಟು ದೊಡ್ಡ ಕೋಟೆಗೆ ಎರಡೇ ವರ್ಷ! ಅವನು ಸತ್ತ ಮೇಲೆ 1204ರಲ್ಲಿ ಫ್ರಾನ್ಸ್ ರಾಜ ಫಿಲಿಪ್ ಗೆದ್ದುಕೊಂಡ. ನೀವು ಸುಳಿವು ಕೊಡದಿದ್ದರೂ ಬಂಡೆಯ ಬಣ್ಣ ಸಾಕಿತ್ತು. ರೈನ್ ದಡದಲ್ಲಿ ಕಲ್ಲು ಕಪ್ಪು, ಮೈನ್ ದಡದಲ್ಲಿ ಕೆಂಪು, ಸೇನ್ ದಡದಲ್ಲಿ ಬಿಳಿ.

ಕೊಲೋನ್ ಕನ್ನಡಿಗ:
ಈ ಕಲ್ಲಿನ ಮಾತು ಎಲ್ಲರೂ ಬರೆದಿಟ್ಟುಕೊಳ್ಳಿ. ರೈನ್, ಮೋಸೆಲ್ ಊರುಗಳಲ್ಲಿ ಮನೆ ಮಾಡಿಗೂ ಕಪ್ಪು ಸ್ಲೇಟ್ ಕಲ್ಲೇ. ಬೆಟ್ಟದಲ್ಲಿ ಸಿಗುವುದು ಅದು. ಡ್ಯಾನ್ಯೂಬ್ ಕಡೆ ಕೆಂಪು ಹೆಂಚು, ಈರುಳ್ಳಿ ಆಕಾರದ ಚರ್ಚ್ ಗೋಪುರ. ಮೈನ್ ದಡದ ಮಿಲ್ಟನ್‌ಬರ್ಗ್, ವೆರ್ಟ್‌ಹೈಮ್ ಕಡೆ ಬಾಗಿಲ ಚೌಕಟ್ಟು, ಕೋಟೆ ಗೋಡೆ ಎಲ್ಲ ಕೆಂಪು ಮರಳುಗಲ್ಲು. ಇನ್ನೊಂದು ಗುರುತು: ಎರಡೂ ದಡದಲ್ಲಿ ನೀರಿಗೆ ಅಂಟಿಕೊಂಡು ರೈಲು ಹಳಿ, ಬೆಟ್ಟದ ಬುಡದಲ್ಲಿ ಕೋಟೆ ಬಾಗಿಲಿನ ಹಾಗೆ ಅಲಂಕಾರ ಮಾಡಿದ ರೈಲು ಸುರಂಗ. ಹಾಗಿದ್ದರೆ ಅದು ಮಧ್ಯ ರೈನ್ ಕಣಿವೆ. ರಾತ್ರಿ ಗೂಡ್ಸ್ ರೈಲಿನ ಸದ್ದಿಗೆ ನಿದ್ದೆ ಬರಲಿಲ್ಲ ಅಂತ ನಿಮ್ಮ ಮಾವ ಹೇಳಿದ್ದರೆ ಅದೂ ಸಾಕ್ಷಿಯೇ.

ಗೂಡಂಗಡಿ:
3 ಕೋಬ್ಲೆನ್ಸ್. ಮೋಸೆಲ್ ಬಂದು ರೈನ್ ಸೇರುವ ಜಾಗ. ಎರಡು ಬಣ್ಣ ಕಾಣುತ್ತದೆ.

ನಿಧಾನಗತಿ:
ಕೋಬ್ಲೆನ್ಸ್ ಆಗಿದ್ದರೆ ಆ ಚೂಪು ತುದಿಯಲ್ಲಿ ಕುದುರೆ ಏರಿದ ಚಕ್ರವರ್ತಿ ವಿಲ್ಹೆಲ್ಮ್ ಇರಬೇಕಿತ್ತು. ಮೂರಂತಸ್ತಿನ ಮನೆಗಿಂತ ಎತ್ತರದ ಪ್ರತಿಮೆ, ತಪ್ಪಿಸಿಕೊಳ್ಳಲು ಸಾಧ್ಯವಿಲ್ಲ. ಇಲ್ಲಿ ಮರಗಳು ಮಾತ್ರ. ಜೊತೆಗೆ ಬಣ್ಣ ಎರಡಲ್ಲ, ಮೂರು. ಎಡಗಡೆ ಅಂಚಿನಲ್ಲಿ ಕಪ್ಪು ಗೆರೆ ನೋಡಿ. ಇದು ಪಾಸೌ.

ಪಶ್ಚಿಮವಾಹಿನಿ:
ಸರಿಯಾಗಿ ಹೇಳಿದಿರಿ ಸಾರ್. ಆಲ್ಪ್ಸ್‌ನಿಂದ ಬರುವ ಇನ್ ನದಿಯ ನೀರು ಹಸಿರು ಬೂದಿ, ಹಿಮಗಡ್ಡೆ ಅರೆದ ನುಣ್ಣನೆ ಪುಡಿ ಅದರಲ್ಲಿರುತ್ತದೆ. ಬವೇರಿಯಾದ ಕಾಡಿನ ಜೌಗು ನೆಲದಿಂದ ಬರುವ ಇಲ್ಜ್ ಕಪ್ಪು. ನಡುವೆ ಡ್ಯಾನ್ಯೂಬ್. ತಮಾಷೆ ಏನೆಂದರೆ, ವರ್ಷದ ಸರಾಸರಿ ತೆಗೆದರೆ ಪಾಸೌದಲ್ಲಿ ಡ್ಯಾನ್ಯೂಬ್‌ಗಿಂತ ಇನ್ ತರುವ ನೀರೇ ಸ್ವಲ್ಪ ಜಾಸ್ತಿ. ಆದರೂ ಮುಂದಕ್ಕೆ ಹೆಸರು ಡ್ಯಾನ್ಯೂಬ್‌ದೇ. ಕೂಡಲಿಯಲ್ಲಿ ತುಂಗೆ, ಭದ್ರೆ ಇಬ್ಬರಿಗೂ ನ್ಯಾಯ ಸಿಕ್ಕಿತು, ಪಾಪ ಇನ್‌ಗೆ ಸಿಗಲಿಲ್ಲ.

ಖಚಿತ ಮಾಡಿಕೊಳ್ಳಬೇಕಾದರೆ ಅದೇ ದಿನದ ಫೋಟೋಗಳಲ್ಲಿ ಗೋಡೆಯ ಮೇಲೆ ಗೆರೆ ಎಳೆದು ಇಸವಿ ಬರೆದದ್ದು ಇದೆಯಾ ನೋಡಿ. ಪುರಸಭೆ ಗೋಪುರದ ಗೋಡೆ ಅದು. ಪ್ರವಾಹದ ನೀರು ಎಲ್ಲಿಯವರೆಗೆ ಬಂತು ಅಂತ ಗುರುತು ಹಾಕಿದ್ದಾರೆ. 1501ರದು ಎಲ್ಲಕ್ಕಿಂತ ಮೇಲೆ. 2013ರ ಜೂನ್‌ನಲ್ಲಿ ಬಂದದ್ದು 12.89 ಮೀಟರ್, ಅದಕ್ಕೆ ಎರಡನೇ ಸ್ಥಾನ.

ಹೊಳೆದಂಡೆ:
ಇದೆ! ಅತ್ತೆ ಆ ಗೋಡೆ ಪಕ್ಕ ನಿಂತಿದ್ದಾರೆ. 2013ರ ಗೆರೆ ಅವರ ತಲೆಗಿಂತ ಎಷ್ಟೋ ಮೇಲಿದೆ. ಫೋಟೋ ತೆಗೆಯುವಾಗ ಅದು ಏನು ಅಂತ ಇಬ್ಬರಿಗೂ ಗೊತ್ತಿರಲಿಲ್ಲವಂತೆ, ಎತ್ತರ ಅಳೆಯುವ ಗೆರೆ ಅಂದುಕೊಂಡರಂತೆ.

ಬಂದರು ಹುಡುಗ:
4ರಲ್ಲಿ ಊರೇ ಇಲ್ಲವಲ್ಲ, ಹೇಗೆ ಹೇಳುವುದು? ಬೋಳು ಡೆಕ್, ಒಂದು ಸೇತುವೆ.

ಕೊಲೋನ್ ಕನ್ನಡಿಗ:
ಊರಿಲ್ಲದ್ದೇ ಉತ್ತರ. ರೈನ್‌ನಲ್ಲಾಗಲಿ ಕೆಳಗಿನ ಡ್ಯಾನ್ಯೂಬ್‌ನಲ್ಲಾಗಲಿ ಸಾಮಾನ್ಯ ದಿನಗಳಲ್ಲಿ ಡೆಕ್ ಮಡಚುವ ಅಗತ್ಯ ಬರುವುದಿಲ್ಲ. ಮಡಚುವುದು ಮೈನ್ ನದಿಯಲ್ಲಿ, ಮತ್ತೆ ಮೈನ್ ಡ್ಯಾನ್ಯೂಬ್ ಕಾಲುವೆಯಲ್ಲಿ. ಕಾಲುವೆಯ ಸೇತುವೆಗಳಿಗೂ ನೀರಿಗೂ ನಡುವೆ ಸುಮಾರು 6 ಮೀಟರ್ ಮಾತ್ರ ಜಾಗ. ನೆರಳಿನ ಚಪ್ಪರ, ಕಂಬಿ, ಕುರ್ಚಿ ಎಲ್ಲ ಮಲಗಿಸುತ್ತಾರೆ. ಕ್ಯಾಪ್ಟನ್ ಕೂರುವ ಕ್ಯಾಬಿನ್ ಕೂಡ ಲಿಫ್ಟ್ ಹಾಗೆ ಕೆಳಗಿಳಿಯುತ್ತದೆ. ಅವನು ಮೇಲಿನ ಕಿಂಡಿಯಿಂದ ತಲೆ ಹೊರಗೆ ಹಾಕಿ ಓಡಿಸುವುದನ್ನು ನೋಡಬೇಕು. ಕೆಲವು ಹಡಗುಗಳಲ್ಲಿ ಆ ದಿನಗಳಲ್ಲಿ ಡೆಕ್‌ಗೆ ಯಾರನ್ನೂ ಬಿಡುವುದೇ ಇಲ್ಲ.

ಅಗಲದ ಕಥೆಯೂ ಇದೇ. ಅಲ್ಲಿನ ಲಾಕ್‌ಗಳ, ಅಂದರೆ ನೀರು ತುಂಬಿಸಿ, ಖಾಲಿ ಮಾಡಿ ಹಡಗನ್ನು ಏರಿಸಿ ಇಳಿಸುವ ತೊಟ್ಟಿಗಳ, ಅಗಲ 12 ಮೀಟರ್. ಅದಕ್ಕೇ ಈ ಹಡಗುಗಳೆಲ್ಲ ಹೆಚ್ಚೆಂದರೆ 11.4 ಮೀಟರ್ ಅಗಲ, 135 ಮೀಟರ್ ಉದ್ದ. ಯಾವ ಕಂಪನಿಯ ಹಡಗು ನೋಡಿದರೂ ಉದ್ದನೆ ರೈಲು ಬೋಗಿಯ ಹಾಗೆ ಕಾಣುವುದಕ್ಕೆ ಕಾರಣ ಇದು. ಲಾಕ್‌ನೊಳಗೆ ಎರಡೂ ಕಡೆ ಒಂದೊಂದು ಅಡಿ ಜಾಗ ಉಳಿಯುತ್ತದೆ. ಕೋಣೆಯ ಕಿಟಕಿಯಿಂದ ಕೈ ಚಾಚಿದರೆ ಪಾಚಿ ಹಿಡಿದ ಗೋಡೆ. ನಿಮ್ಮ ಗುಂಪಿನಲ್ಲಿ ಬರೀ ಒದ್ದೆ ಕಾಂಕ್ರೀಟ್ ಗೋಡೆಯ ಫೋಟೋ ಇರಬೇಕಲ್ಲ?

ಹೊಳೆದಂಡೆ:
ಮಾವ ಅಂಥದ್ದನ್ನು ರಾಶಿ ತೆಗೆದಿದ್ದಾರೆ. ಕ್ಯಾಮೆರಾ ತಾನಾಗೇ ತೆಗೆದುಕೊಂಡಿದೆ ಅಂತ ನಾನು ಅರ್ಧ ಅಳಿಸಿಬಿಟ್ಟೆ.

4ರ ಹಿಂದೆಯೇ ಇನ್ನೊಂದಿದೆ, 4ಬಿ ಅನ್ನೋಣ. ಕಾಲುವೆ ದಡದಲ್ಲಿ ಸುಮ್ನೆ ಒಂದು ದೊಡ್ಡ ಕಾಂಕ್ರೀಟ್ ಗೋಡೆಯಂಥ ಸ್ಮಾರಕ. ಸುತ್ತ ಹೊಲ ಬಿಟ್ಟರೆ ಏನಿಲ್ಲ. ಆದರೂ ಡೆಕ್ ಮೇಲೆ ಎಲ್ಲರ ಕೈಯಲ್ಲೂ ಫೋನ್.

ಪಶ್ಚಿಮವಾಹಿನಿ:
ಹಾಗಾದರೆ ಊರೂ ಸಿಕ್ಕಿತು. ಹಿಲ್‌ಪೋಲ್ಟ್‌ಸ್ಟೈನ್ ಹತ್ತಿರದ ಜಲವಿಭಾಜಕ. ಇದರ ಒಂದು ಕಡೆ ಬಿದ್ದ ಮಳೆ ರೈನ್ ಸೇರಿ ಉತ್ತರ ಸಮುದ್ರಕ್ಕೆ, ಇನ್ನೊಂದು ಕಡೆ ಬಿದ್ದದ್ದು ಡ್ಯಾನ್ಯೂಬ್ ಸೇರಿ ಕಪ್ಪು ಸಮುದ್ರಕ್ಕೆ. ಅಲ್ಲಿ ಹಡಗು ಸಮುದ್ರಮಟ್ಟದಿಂದ 406 ಮೀಟರ್ ಮೇಲೆ ತೇಲುತ್ತಿರುತ್ತದೆ. ನಿಮ್ಮ ಅತ್ತೆ ಮಾವ ಹಡಗಿನಲ್ಲೇ ಬೆಟ್ಟ ಹತ್ತಿ ಇಳಿದಿದ್ದಾರೆ!

ಈ ಕಾಲುವೆ ಬಾಂಬೆರ್ಗ್‌ನಿಂದ ಕೆಲ್‌ಹೈಮ್‌ವರೆಗೆ 171 ಕಿಲೋಮೀಟರ್, 16 ಲಾಕ್. ತೆರೆದದ್ದು 1992ರಲ್ಲಿ. ಅದಕ್ಕೆ ಮೊದಲು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹತ್ತಿ ಬುಡಾಪೆಸ್ಟ್‌ನಲ್ಲಿ ಇಳಿಯುವ ಇಂಥ ಪ್ರವಾಸ ಸಾಧ್ಯವೇ ಇರಲಿಲ್ಲ. ಆಸೆ ಮಾತ್ರ ಹಳೆಯದು. ಶಾರ್ಲಮೇನ್ ಚಕ್ರವರ್ತಿ 793ರಲ್ಲೇ ಇಲ್ಲಿ ಅಗೆಸಲು ಹೊರಟಿದ್ದ. ಬವೇರಿಯಾದ ಒಂದನೇ ಲುಡ್ವಿಗ್ 1846ರಲ್ಲಿ 100 ಲಾಕ್‌ಗಳ ಸಣ್ಣ ಕಾಲುವೆ ತೆರೆಸಿದ. ಅಷ್ಟರಲ್ಲಿ ರೈಲು ಬಂದು ಅದರ ವ್ಯಾಪಾರ ತಿಂದುಹಾಕಿತು.

ನಿಧಾನಗತಿ:
ಅದೇ ಲುಡ್ವಿಗ್ ನಿಮ್ಮ ಫೋಟೋ 6ರ ಮಾಲೀಕ. ರೆಗೆನ್ಸ್‌ಬುರ್ಗ್ ಹತ್ತಿರದ ವಾಲ್‌ಹಾಲಾ. 1842ರಲ್ಲಿ ತೆರೆದದ್ದು. ಹೊರಗಿನಿಂದ ಗ್ರೀಕ್ ದೇವಸ್ಥಾನ, ಒಳಗೆ ದೇವರಿಲ್ಲ, ಜರ್ಮನ್ ಮಾತಾಡುವ ನಾಡುಗಳ ದೊಡ್ಡವರ ತಲೆಗಳ ಸಾಲು. ಬಂದರು ಹುಡುಗರು ಅಥೆನ್ಸ್ ಅಂದದ್ದು ವಾಸ್ತುಶಿಲ್ಪಿ ಲಿಯೋ ಫಾನ್ ಕ್ಲೆಂಜ್‌ಗೆ ಕೇಳಿಸಿದ್ದರೆ ಖುಷಿಪಡುತ್ತಿದ್ದ. ಅಲ್ಲಿನ ಪಾರ್ಥೆನನ್ ಹಾಗೆ ಕಾಣಲಿ ಅಂತಲೇ ಕಟ್ಟಿದ್ದು.

ಬಂದರು ಹುಡುಗ:
ನೋಡಿ, ಅರ್ಧ ಅಂಕ ಕೊಡಿ ನನಗೆ.

ಗೂಡಂಗಡಿ:
5 ಮೆಲ್ಕ್ ಅಬ್ಬಿ. ಅರಮನೆಯಲ್ಲ, ಮಠ. ಎರಡು ಗೋಪುರ, ನಡುವೆ ಗುಮ್ಮಟ, ಹಳದಿ ಬಣ್ಣ, ನದಿಯಿಂದಲೇ ಕಾಣುತ್ತದೆ. ಡ್ಯುರ್ನ್‌ಸ್ಟೈನ್‌ಗೆ ಹತ್ತಿರ. ಮುಗಿಯಿತು.

ಚುಕ್ಕಿಚಂದ್ರ:
ಇಲ್ಲಿವರೆಗೆ ಸುಲಭದ್ದು. ಬುಡಾಪೆಸ್ಟ್ ಪಾರ್ಲಿಮೆಂಟಿನ ರಾತ್ರಿ ಫೋಟೋ ದಯವಿಟ್ಟು ಯಾರೂ ಹಾಕಬೇಡಿ. ಅದು ಎಲ್ಲರಿಗೂ ಗೊತ್ತು. ಇದನ್ನು ಹೇಳಿ: ಕೋಟೆಯ ಮೇಲೆ ಗಡಿಯಾರದ ಗೋಪುರ. ಉದ್ದ ಮುಳ್ಳು 10ರ ಮೇಲೆ, ಗಿಡ್ಡ ಮುಳ್ಳು 4ರ ಮೇಲೆ. ಎಲ್ಲರ ನೆರಳೂ ಉದ್ದ ಬಿದ್ದಿದೆ, ಕೈಯಲ್ಲಿ ಕಾಫಿ ಕಪ್. ಸಮಯ ಎಷ್ಟು, ಊರು ಯಾವುದು?

ಬಂದರು ಹುಡುಗ:
ಮೂರು ಐವತ್ತು. ಸಂಜೆ ಕಾಫಿ. ಊರು ಗೊತ್ತಿಲ್ಲ.

ಕೊಲೋನ್ ಕನ್ನಡಿಗ:
ಮೂರು ಐವತ್ತಾದರೆ ಗಿಡ್ಡ ಮುಳ್ಳು 4 ಮುಟ್ಟುವ ಮೊದಲು ಇರಬೇಕು. ಇಲ್ಲಿ ಸರಿಯಾಗಿ 4ರ ಮೇಲಿದೆ. ಉದ್ದ ಮುಳ್ಳು 10 ದಾಟಿ ಸ್ವಲ್ಪ ಮುಂದೆ ಬಂದಿದೆ. ಅಂದರೆ ಮುಳ್ಳುಗಳ ಕೆಲಸ ಅದಲುಬದಲು. ಇದು ಸರ್ಬಿಯಾದ ನೋವಿ ಸಾದ್ ಎದುರಿನ ಪೆಟ್ರೊವರಾದಿನ್ ಕೋಟೆ. ಅಲ್ಲಿ ಉದ್ದ ಮುಳ್ಳು ಗಂಟೆಗೆ, ಗಿಡ್ಡದು ನಿಮಿಷಕ್ಕೆ. ಡ್ಯಾನ್ಯೂಬ್‌ನಲ್ಲಿ ದೂರದ ದೋಣಿಯಲ್ಲಿರುವ ಮೀನುಗಾರರಿಗೂ ಗಂಟೆ ಕಾಣಲಿ ಅಂತ ಹಾಗೆ ಮಾಡಿದ್ದಂತೆ. ಸಮಯ ಬೆಳಿಗ್ಗೆ 10 ಗಂಟೆ 20 ನಿಮಿಷ.

ಚುಕ್ಕಿಚಂದ್ರ:
ಭೇಷ್! ಅದು ಅಕ್ಟೋಬರ್ ಬೆಳಗು, ಅದಕ್ಕೇ ನೆರಳು ಉದ್ದ.

ಹೊಳೆದಂಡೆ:
ಅಕ್ಕ, ನೀವು ಆ ಕಡೆಯೂ ಹೋಗಿದ್ದೀರಾ? ವೀಸಾ ಹೇಗೆ?

ಚುಕ್ಕಿಚಂದ್ರ:
ಸರ್ಬಿಯಾ ಷೆಂಗೆನ್‌ನಲ್ಲಿ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪಿನಲ್ಲಿ, ಇಲ್ಲ. ಹಂಗೇರಿಯಿಂದ ಹೊರಬಿದ್ದು ಸರ್ಬಿಯಾ ದಾಟಿ ಮತ್ತೆ ರೊಮೇನಿಯಾ, ಬಲ್ಗೇರಿಯಾ ಹೋಗುವಾಗ ಷೆಂಗೆನ್‌ಗೆ ಎರಡನೇ ಸಲ ಒಳಹೋದ ಹಾಗೆ ಲೆಕ್ಕ. ಹಾಗಾಗಿ ಮಲ್ಟಿಪಲ್ ಎಂಟ್ರಿ ವೀಸಾ ಬೇಕು. ಏಜೆಂಟ್ ಸಿಂಗಲ್ ಎಂಟ್ರಿ ಸಾಕು ಅಂದರೆ ಒಪ್ಪಬೇಡಿ. ಆ ಕಡೆ ನೋಡಬೇಕಾದದ್ದು ಕಬ್ಬಿಣದ ಬಾಗಿಲು ಅನ್ನುವ ಕಮರಿ. ರೊಮೇನಿಯಾ ದಡದ ಬಂಡೆಯಲ್ಲಿ ಡಾಸಿಯಾ ಎಂಬ ಅಲ್ಲಿನ ಪ್ರಾಚೀನ ರಾಜ್ಯದ ಕೊನೆಯ ರಾಜ ಡೆಸಿಬಾಲಸ್‌ನ ದೈತ್ಯ ಮುಖ ಕೆತ್ತಿದ್ದಾರೆ. ನೋಡಿದರೆ ಸಾವಿರಾರು ವರ್ಷ ಹಳೆಯದು ಅನ್ನಿಸುತ್ತದೆ. ಕೆತ್ತಿದ್ದು 1994ರಿಂದ 2004ರವರೆಗೆ. ಎದುರು ಸರ್ಬಿಯಾ ದಡದಲ್ಲಿ ಇರುವ ಸಣ್ಣ ಕಲ್ಲಿನ ಶಾಸನ ನಿಜವಾಗಿ ಹಳೆಯದು, ಡೆಸಿಬಾಲಸ್‌ನನ್ನು ಸೋಲಿಸಿದ ರೋಮ್ ಚಕ್ರವರ್ತಿ ಟ್ರಾಜನ್ ಹಾಕಿಸಿದ್ದು. ಎಲ್ಲರೂ ಮುಖದ ಫೋಟೋ ತೆಗೆಯುವಾಗ ಅದು ಹಿಂದೆ ದಾಟಿಹೋಗುತ್ತದೆ.

ಗೂಡಂಗಡಿ:
ನನ್ನದೊಂದು. ಬೆಟ್ಟದ ತುಂಬಾ ದ್ರಾಕ್ಷಿ ಮೆಟ್ಟಿಲು. ಒಂದೇ ಒಂದು ಕೋಟೆ ಇಲ್ಲ. ಹಡಗು ಗಿಡ್ಡ. ಲಾಕ್ ಮಾತ್ರ ಬಾವಿಯ ಹಾಗೆ ಆಳ.

ಪಶ್ಚಿಮವಾಹಿನಿ:
ಪೋರ್ಚುಗಲ್, ಡೌರೊ ನದಿ. ಲಾಕ್ ಕಾರಪಟೇಲೊ, ಏರಿಳಿತ 35 ಮೀಟರ್. ಡೌರೊದಲ್ಲಿ ಕ್ರೂಸ್ ಹಡಗು ರಾತ್ರಿ ಹೊತ್ತು ಓಡುವುದಿಲ್ಲ. ಹಾಗಾಗಿ ಎಲ್ಲ ಸಾಗುವ ಫೋಟೋಗಳೂ ಹಗಲಿನವು, ರಾತ್ರಿಯವೆಲ್ಲ ದಡದಲ್ಲಿ ನಿಂತಾಗಿನವು. ಅದೂ ಒಂದು ಸುಳಿವು. ಪೋರ್ಟೊದ ಎರಡು ಅಂತಸ್ತಿನ ಕಬ್ಬಿಣದ ಸೇತುವೆ ಇದ್ದರೆ ಅದಕ್ಕೆ ಐಫೆಲ್ ಹೆಸರು ಬರೆಯಬೇಡಿ. ಅದು 1886ರದು, ಸೈರಿಗ್ ಎಂಬ ಎಂಜಿನಿಯರ್ ವಿನ್ಯಾಸ. ಐಫೆಲ್ ಕಂಪನಿಯದು ನದಿಯಲ್ಲಿ ಸ್ವಲ್ಪ ಮೇಲಕ್ಕೆ ಹೋದರೆ ಸಿಗುವ 1877ರ ರೈಲು ಸೇತುವೆ.

ಹೊಳೆದಂಡೆ:
ನನ್ನ ಕೊನೆಯದು, ಮನೆಯಲ್ಲಿ ಜಗಳ ಹತ್ತಿಸಿದ್ದು. ಅಗಲವಾದ ನೇರ ನದಿ, ಕಾಂಕ್ರೀಟ್ ದಡ. ಒಂದು ಸಾದಾ ಸೇತುವೆ. ಆಚೆ ಕಪ್ಪು ಗಾಜಿನ ಎತ್ತರದ ಕಟ್ಟಡ. ಈಚೆ ಕೆಂಪು ಹೆಂಚಿನ ಚೂಪು ಗೋಪುರಗಳ ದೊಡ್ಡ ಚರ್ಚ್. ಅತ್ತೆ ಇದನ್ನು ವಿಯೆನ್ನಾ ಅನ್ನುತ್ತಾರೆ. ನನ್ನ ಗಂಡ "ಅಮ್ಮಾ, ವಿಯೆನ್ನಾದಲ್ಲಿ ಅರಮನೆ ಇರುತ್ತೆ, ಇದು ಯಾವುದೋ ಫ್ಯಾಕ್ಟರಿ ಊರು" ಅನ್ನುತ್ತಾರೆ. ಬ್ರಾಟಿಸ್ಲಾವಾ ಇರಬಹುದಾ?

ನಿಧಾನಗತಿ:
ಬ್ರಾಟಿಸ್ಲಾವಾ ಅಲ್ಲ. ಅಲ್ಲಿ ಸೇತುವೆಯ ಕಂಬದ ಮೇಲೆ ಹಾರುವ ತಟ್ಟೆಯಂಥ ಹೋಟೆಲ್ ಇದೆ, ಗುಡ್ಡದ ಮೇಲೆ ನಾಲ್ಕು ಮೂಲೆಗೆ ನಾಲ್ಕು ಗೋಪುರದ ಬಿಳಿ ಕೋಟೆ.

ಕೊಲೋನ್ ಕನ್ನಡಿಗ:
ಅತ್ತೆಯವರೇ ಸರಿ. ಸೇತುವೆ ರೈಶ್‌ಬ್ರುಕೆ. ಹಳೆಯದು 1976ರಲ್ಲಿ ಒಂದು ಭಾನುವಾರ ಬೆಳಿಗ್ಗೆ ಕುಸಿದುಬಿತ್ತು. ಈಗಿನದು 1980ರದು, ಅದಕ್ಕೇ ಸಾದಾ. ಕಪ್ಪು ಕಟ್ಟಡ 2014ರಲ್ಲಿ ತೆರೆದ ಡಿಸಿ ಟವರ್. ಚರ್ಚ್ ಮೆಕ್ಸಿಕೊಪ್ಲಾಟ್ಸ್ ಚೌಕದ್ದು, ಚಕ್ರವರ್ತಿ ಫ್ರಾನ್ಸ್ ಯೋಸೆಫ್ ಪಟ್ಟಕ್ಕೆ ಬಂದು 50 ವರ್ಷ ಆದ ನೆನಪಿಗೆ ಕಟ್ಟಿಸಿದ್ದು. ಹೆಚ್ಚಿನ ಕ್ರೂಸ್ ಹಡಗುಗಳು ನಿಲ್ಲುವುದು ಇಲ್ಲೇ.

ಅರಮನೆ ಕಾಣದಿರುವುದಕ್ಕೆ ಕಾರಣವಿದೆ. ಪ್ರವಾಹದ ಕಾಟಕ್ಕೆ 1870ರಿಂದ 1875ರವರೆಗೆ ಡ್ಯಾನ್ಯೂಬ್‌ಗೆ ಹೊಸ ನೇರ ಪಾತ್ರ ತೋಡಿದರು. ಹಳೆ ಊರಿನ ಪಕ್ಕ ಹರಿಯುವುದು ಸಣ್ಣ ಕಾಲುವೆ ಮಾತ್ರ. ಹಾಗಾಗಿ ಹಡಗಿನಿಂದ ಇಳಿದವರು ಊರು ನೋಡಬೇಕಾದರೆ ಬಸ್ಸು ಹಿಡಿಯಬೇಕು, ಇಲ್ಲವೇ ಸೇತುವೆ ಪಕ್ಕದ ಸ್ಟೇಷನ್‌ನಿಂದ ಯು1 ಮೆಟ್ರೋ. ಹಳೆ ಊರಿನ ನಡುವಿನ ಸ್ಟೇಫಾನ್ಸ್‌ಪ್ಲಾಟ್ಸ್ ಚೌಕಕ್ಕೆ ಕೆಲವೇ ನಿಮಿಷ. ಮೆಟ್ರೋ ಟಿಕೆಟ್ ಇದೆಯಾ ಅಂತ ಮಾವನವರನ್ನು ಕೇಳಿ ನೋಡಿ.

ಹೊಳೆದಂಡೆ:
ಟಿಕೆಟ್ ಮಾವನ ಪರ್ಸಿನಲ್ಲೇ ಇತ್ತು. ಅತ್ತೆ ಅದನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದ್ದಾರೆ, ಗಂಡನ ಕಣ್ಣಿಗೆ ಬೀಳುವ ಎತ್ತರಕ್ಕೆ ಸರಿಯಾಗಿ. ಲಾಕ್ ಗೋಡೆಯ ಫೋಟೋಗಳನ್ನು ಮತ್ತೆ ಕಳಿಸಿ ಅಂತ ಮಾವನನ್ನು ಕೇಳಿದ್ದೇನೆ. ಬಂದ ಮೇಲೆ ಇಲ್ಲಿ ಹಾಕುತ್ತೇನೆ, ಯಾವ ಗೋಡೆ ಯಾವ ಲಾಕ್ ಅಂತ ಹೇಳುವಿರಂತೆ.

ಕೊಲೋನ್ ಕನ್ನಡಿಗ:
ಗೋಡೆಯಲ್ಲಿ ಹಗ್ಗ ಕಟ್ಟುವ ಕೊಕ್ಕೆ ನೀರಿನ ಜೊತೆ ಮೇಲೆ ಕೆಳಗೆ ಹೋಗುವಂಥದ್ದಾ, ಗೋಡೆಗೇ ಹುಗಿದದ್ದಾ ಅಂತ ಕಾಣುವ ಫೋಟೋ ಮೊದಲು ಹಾಕಿ.